ಶ್ರೀ ಫಾರ್ವರ್ಡಪ್ಪನವರಿಗೆ ಸನ್ಮಾನ

ವೇದಿಕೆಯ ಮೇಲಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುವ ಕಿರಿಯರೇ,

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹತ್ತು ವರ್ಷ ತುಂಬಿದ ಈ ಶುಭಗಳಿಗೆಯಲ್ಲಿ ಶ್ರೀ ಫಾರ್ವರ್ಡಪ್ಪನವರನ್ನು ಸನ್ಮಾನಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಮೊದಲು ಅತಿಥಿಗಳ ಪರಿಚಯ. ಹುಟ್ಟೂರು ಗೊತ್ತಿಲ್ಲ. ಹೆತ್ತವರು ಯಾರೆಂದು ಅವರು ಹೇಳುವುದಿಲ್ಲ, ಕೇಳಿದವರೂ ಇಲ್ಲ. ವಿದ್ಯಾಭ್ಯಾಸ, ‘ಅಮೆರಿಕದ ವಿಜ್ಞಾನಿಗಳು ಹೇಳಿದ್ದಾರೆ’ ಎಂಬಲ್ಲಿಯವರೆಗೆ. ತಲೆಯ ಮೇಲೆ ಜೋಡಿ ಬಾಣದ ಗುರುತು. ‘ಇದು ಬಹಳ ಕೈ ಬದಲಾಯಿಸಿ ಬಂದದ್ದು, ಜೋಕೆ’ ಎಂದು ವಾಟ್ಸಾಪ್ ಕಂಪನಿ 2019ರಲ್ಲಿ ಒತ್ತಿದ ಮುದ್ರೆ ಅದು. ನಮ್ಮ ಜನ ಐಎಸ್‌ಐ ಮಾರ್ಕ್ ಎಂದುಕೊಂಡರು.

ಇನ್ನು ಸಾಧನೆ. 2025ರ ಜೂನ್‌, ಜುಲೈ ನೆನಪಿಸಿಕೊಳ್ಳಿ. ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬರುತ್ತಿತ್ತು. ‘ಎಲ್ಲ ಕೋವಿಡ್ ಲಸಿಕೆಯ ಕೆಲಸ’ ಎಂದು ಇವರು ಕಾಫಿ ಆರುವುದರೊಳಗೆ ತೀರ್ಪು ಕೊಟ್ಟರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. ಸರ್ಕಾರದ ತಜ್ಞರ ಸಮಿತಿಯದು, ಪಾಪ, ಎತ್ತಿನಗಾಡಿಯ ನಡಿಗೆ. 24 ಸಾವುಗಳ ದಾಖಲೆ ತಿರುವಿ, ನಾಲ್ಕು ಹೃದಯದ ಕಾಯಿಲೆಯಿಂದ ಆದವೇ ಅಲ್ಲ, ಅದರಲ್ಲೊಂದು ರಸ್ತೆ ಅಪಘಾತ, ಲಸಿಕೆಗೂ ಇದಕ್ಕೂ ನೇರ ನಂಟಿಲ್ಲ, ಬಿಪಿ, ಸಕ್ಕರೆ, ಸಿಗರೇಟು, ಕುಡಿತದ ಕಡೆ ನೋಡಿ ಎಂದು ಅದು ಹೇಳುವಷ್ಟರಲ್ಲಿ ನಮ್ಮ ಅತಿಥಿಗಳು ಬೇರೊಂದು ವಿಷಯದಲ್ಲಿ ಡಾಕ್ಟರೇಟ್ ಮುಗಿಸಿದ್ದರು. ಆ ವರದಿಯನ್ನು ನಮ್ಮ ಗುಂಪಿನಲ್ಲಿ ಯಾರೂ ಮುಂದೆ ಕಳಿಸಲಿಲ್ಲ. ಹೇಗೆ ಕಳಿಸುತ್ತಾರೆ? ಲಸಿಕೆಯೆಂದರೆ ತಪ್ಪು ಇನ್ಯಾರದೋ. ಸಿಗರೇಟೆಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕಲ್ಲ!

ನಮ್ಮ ಮನೆಗೂ ಇವರ ಉಪಕಾರವಿದೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ರಕ್ತನಾಳದ ಬ್ಲಾಕೇಜು ಕರಗುತ್ತದೆಂದು ಇವರು ಹೇಳಿದ್ದೇ ತಡ, ನಮ್ಮ ದೊಡ್ಡಮ್ಮ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ಸಾಸಿವೆ ಡಬ್ಬಿಯ ಹಿಂದೆ ತಳ್ಳಿದರು. ಮೂರು ವಾರ ಮನೆಯೆಲ್ಲ ಬೆಳ್ಳುಳ್ಳಿ ಘಾಟು. ಒಂದು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿಯ ಎಳೆ ಅರ್ಧಕ್ಕೇ ನಿಂತಿತ್ತು, ಪಕ್ಕದಲ್ಲಿ ಅವರು ಗೋಡೆ ಹಿಡಿದು ಕೂತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ರೇಗಿದೆ. ಅವರು ತಣ್ಣಗೆ ಅಂದರು: ‘ನನ್ನ ತಮ್ಮ ಕಳ್ಸಿದ್ದು ಕಣೋ. ಅವ್ನಿಗೆ ನನ್ನ ಮೇಲೆ ಅಕ್ಕರೆ ಇಲ್ವಾ?’

ಸಭಿಕರೇ, ಅಲ್ಲಿದೆ ಗುಟ್ಟು. ಅತಿಥಿಗಳಿಗೆ ಸ್ವಂತ ಕಾಲಿಲ್ಲ. ಅವರು ನಡೆಯುವುದು ನಮ್ಮ ಅಕ್ಕರೆಯ ಕಾಲಿನಲ್ಲಿ, ನಮ್ಮ ಭಯದ ಕಾಲಿನಲ್ಲಿ.

ಬಯೋಡೇಟಾದ ಒಂದು ಪುಟವನ್ನು ಅತಿಥಿಗಳು ವಿನಯದಿಂದ ಮಡಚಿಟ್ಟಿದ್ದಾರೆ. ನಾನು ಬಿಚ್ಚುತ್ತೇನೆ. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಅವರ ಕಾರಿಗಿಂತ ಮೊದಲು ಅದು ಮುಂದಿನ ಊರು ಮುಟ್ಟಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಈ ಸಾಧನೆಗೆ ಚಪ್ಪಾಳೆ ಬೇಡ.

ಅದೇ ತಿಂಗಳು ಕಂಪನಿ ಇವರ ಸಂಚಾರವನ್ನು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಇಳಿಸಿತು. 2020ರಲ್ಲಿ, ಬಹಳ ಸುತ್ತಿದ ಸಂದೇಶವಾದರೆ ಒಂದೇ ಕಡೆಗೆ. ಅದರಿಂದೇನು? ಒಂದೊಂದೇ ಗುಂಪಿಗೆ ಹೆಬ್ಬೆರಳು ಸೋಲುವವರೆಗೆ ಒತ್ತುವ ಚಿಕ್ಕಪ್ಪಂದಿರು ನಮ್ಮಲ್ಲಿ ಇರುವವರೆಗೆ ಇವರಿಗೆ ಸಾವಿಲ್ಲ.

ಈಗ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಬೆಳ್ಳುಳ್ಳಿಯ ಹಾರವನ್ನು ದೊಡ್ಡಮ್ಮನವರೇ ಹಾಕಬೇಕಾಗಿ ವಿನಂತಿ. ಕೊನೆಯದಾಗಿ ಒಂದು ಪ್ರಾರ್ಥನೆ. ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸಬಾರದು ಎಂಬುದು ನಮ್ಮ ರೂಢಿ. ಈ ಅತಿಥಿಗಳ ವಿಷಯದಲ್ಲಿ ಮಾತ್ರ ಊಟವಾದ ಮೇಲೂ ಕಳಿಸಬೇಡಿ. ಇಲ್ಲೇ ಇರಲಿ.