ತಿರುಳ್ಗನ್ನಡದ ಮಾರುಕಟ್ಟೆ ದರ: ಕನ್ನಡ ಎಂ.ಎ. ಪದವಿಯ ಅರ್ಥಮೀಮಾಂಸೆ

ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮೊದಲಾದ ಲ್ಯಾಟಿನ್ ಸಂತಾನದ ಭಾಷೆಗಳಲ್ಲಿ ಪದವಿ ಪಡೆದವನು ಏನು ಗಳಿಸಿಯಾನು ಎಂಬ ಚಿಂತೆ ಪಶ್ಚಿಮದ ಪಂಡಿತರದು. ಅದು ಅವರಿಗೇ ಇರಲಿ. ನಮ್ಮಲ್ಲಿ ಅದಕ್ಕಿಂತ ಶುದ್ಧವಾದ ಮಾದರಿಯೊಂದಿದೆ: ಕನ್ನಡ ಎಂ.ಎ. ಅದನ್ನು ತೂಗಲು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನೆಲವನ್ನು ಕನ್ನಡದ ತಿರುಳು ಎಂದು ಗುರುತಿಸಿದೆ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಕೊಪಣ ಎಂದರೆ ಕೊಪ್ಪಳ. ನಕಾಶೆಯಲ್ಲಿ ಇವೆರಡನ್ನೂ ಕೂಡಿಸಿ ಗೆರೆ ಎಳೆದರೆ, ತುಂಗಭದ್ರೆಯ ದಂಡೆಯ ಸಿಂಗಟಾಲೂರು ಗೆರೆಯ ದಕ್ಷಿಣಕ್ಕೆ, ಅಂದರೆ ತಿರುಳಿನಿಂದ ತುಸು ಆಚೆಗೆ ಬೀಳುತ್ತದೆ. (ಊರಿನ ಹಿರಿಯರು ಬೇಸರಿಸಬಾರದು, ಗೆರೆ ಎಳೆದವನು ರಾಷ್ಟ್ರಕೂಟರ ಕಾಲದವನು.) ತಿರುಳಿಗೆ ಹಣದ ಬೆಲೆ ಇದ್ದಿದ್ದರೆ ಗೆರೆಯ ಒಳಗಿನ ಎಕರೆಗೆ ಒಂದು ದರ, ಹೊರಗಿನ ಎಕರೆಗೆ ಇನ್ನೊಂದು ದರ ಇರಬೇಕಿತ್ತು. ಆದರೆ ಹೊಲ ಕೊಳ್ಳುವವರು ಕೇಳುವುದು ಸಿಂಗಟಾಲೂರು ಏತ ನೀರಾವರಿಯ ಕಾಲುವೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು. ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಂತ ನೀರು ಎಕರೆಯ ಬೆಲೆ ಏರಿಸಬಲ್ಲದು. ಕವಿರಾಜಮಾರ್ಗಕ್ಕೆ ಆ ಶಕ್ತಿ ಇಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಖುಷ್ಕಿ, ತರಿ, ಬಾಗಾಯತು ಎಂಬ ವರ್ಗಗಳುಂಟು, ತಿರುಳು ಎಂಬ ವರ್ಗವಿಲ್ಲ.

ಇಲ್ಲಿ ಪೂರ್ವಪಕ್ಷದವರು ಪಂಪನನ್ನು ಎದುರು ನಿಲ್ಲಿಸುತ್ತಾರೆ. ಕ್ರಿ.ಶ. 941ರಲ್ಲಿ, ಪುಲಿಗೆರೆಯ ತಿರುಳ್ಗನ್ನಡದಲ್ಲಿಯೇ, ವಿಕ್ರಮಾರ್ಜುನ ವಿಜಯ ಬರೆದವನಿಗೆ ದೊರೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಕವಿಯ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಅದನ್ನು ಕೆತ್ತಿಸಿಯೂ ಇದ್ದಾನೆ, ಇಂದಿನ ಪಹಣಿಗಿಂತ ಗಟ್ಟಿಯಾದ ದಾಖಲೆ. ಒಂದು ಕಾವ್ಯಕ್ಕೆ ಒಂದು ಊರು ಎಂದರೆ ಕಡಿಮೆ ಆದಾಯವೇ? ಅಲ್ಲ. ಆದರೆ ಊರು ಬಂದದ್ದು ಕನ್ನಡ ಬಲ್ಲುದಕ್ಕಲ್ಲ, ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದಕ್ಕೆ. ಇಂದಿನ ಎಂ.ಎ. ಪಠ್ಯದಲ್ಲಿ ಪಂಪನಿದ್ದಾನೆ, ಅರಿಕೇಸರಿಯನ್ನು ಹುಡುಕುವ ವಿಧಾನ ಯಾವ ಪತ್ರಿಕೆಯಲ್ಲಿಯೂ ಇಲ್ಲ. ಅದನ್ನು ತಾವಾಗಿಯೇ ಕಲಿತವರು ಕಾವ್ಯದ ಗೊಡವೆಗೆ ಹೋಗದೆ ನೇರ ಬ್ಯಾನರ್ ಬರೆಸುತ್ತಾರೆ.

ಲಕ್ಕುಂಡಿಯ ಅತ್ತಿಮಬ್ಬೆಯ ಪ್ರಮಾಣ ಇದಕ್ಕಿಂತ ನಿರ್ಣಾಯಕ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಆಕೆ ಹಂಚಿದಳು. ಓದಿದವರಿಗೆ ಕೂಲಿ ಕೊಟ್ಟಳೆಂದು ಯಾರೂ ಹೇಳುವುದಿಲ್ಲ. ನಕಲು ಮಾಡಿದವರಿಗೆ ಕೊಡದೆ ಇದ್ದಿರಲಾರಳು, ದಾನಚಿಂತಾಮಣಿ ಎಂಬ ಬಿರುದು ಸುಮ್ಮನೆ ಬರುವುದಿಲ್ಲ. ಹತ್ತನೆಯ ಶತಮಾನದಲ್ಲಿ ಸಾಹಿತ್ಯದ ಹಣ ನಕಲುಗಾರನಿಗೆ ಸಂದಿತು. ಇಂದು ವಿಶ್ವವಿದ್ಯಾಲಯದ ಗೇಟಿನೆದುರಿನ ಝೆರಾಕ್ಸ್ ಅಂಗಡಿಗೆ ಸಲ್ಲುತ್ತಿದೆ. ಸಾವಿರ ವರ್ಷ ಕೆಡದೆ ಉಳಿದ ಇಂಥ ಪರಂಪರೆ ಕನ್ನಡದಲ್ಲಿ ಇನ್ನೊಂದಿಲ್ಲ. ಇದರಿಂದ ಈ ಪ್ರಬಂಧದ ಸಿದ್ಧಾಂತ ಹೊರಡುತ್ತದೆ: ಭಾಷಾ ಪದವಿಗೆ ಆದಾಯ ಇಲ್ಲದಿಲ್ಲ, ಅದು ಪದವೀಧರನ ಪಕ್ಕದವನಿಗೆ ಹೋಗುತ್ತದೆ. ಅರ್ಜಿ ಶುಲ್ಕ, ಕೋಚಿಂಗ್ ಶುಲ್ಕ, ಧಾರವಾಡದ ರೂಮಿನ ಬಾಡಿಗೆ, ಖಾನಾವಳಿಯ ತಿಂಗಳ ಬಿಲ್ಲು, ರಾಜ್ಯೋತ್ಸವದ ಶಾಮಿಯಾನದ ಬಾಡಿಗೆ ಎಲ್ಲ ಸೇರಿಸಿದರೆ ಒಬ್ಬ ಕನ್ನಡ ಎಂ.ಎ. ಹಲವು ಕುಟುಂಬಗಳನ್ನು ಸಾಕುತ್ತಾನೆ, ತನ್ನದೊಂದನ್ನು ಬಿಟ್ಟು.

ಉಪನ್ಯಾಸಕ ವೃತ್ತಿ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಖಾಯಂ ಆದವರ ಮಾತು ಬೇರೆ. ಅವರು ಇಂಥ ಪ್ರಬಂಧ ಓದುವುದಿಲ್ಲ. ಉಳಿದವರು ಅತಿಥಿಗಳು. 2022ರ ಜನವರಿಯಲ್ಲಿ ಸರ್ಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು 11ರಿಂದ 13 ಸಾವಿರದಿಂದ 26ರಿಂದ 32 ಸಾವಿರಕ್ಕೆ ಏರಿಸಿ, ವಾರದ ಪಾಠವನ್ನು 15 ತಾಸಿಗೆ ಹೆಚ್ಚಿಸಿತು. ತಾಸು ಹೆಚ್ಚಾದರೆ ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕು ಎಂಬುದು ಸಾಮಾನ್ಯ ಗಣಿತ. ತಾಸಿನ ಲೆಕ್ಕದ ಸಾಹಿತ್ಯಸೇವೆ ಈ ಜಿಲ್ಲೆಗೆ ಹೊಸದೇನಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಮೈಮೇಲಿನ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನೆಂಬ ಐತಿಹ್ಯವಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಅದು ವಾರಕ್ಕೆ 15 ತಾಸು ಆಗುತ್ತಿತ್ತೇ ಎಂಬುದು ಪಿಎಚ್.ಡಿ.ಗೆ ತಕ್ಕ ವಿಷಯ.

ಕೆಎಎಸ್ ಬರೆದು ತಹಶೀಲ್ದಾರರಾದ ಕನ್ನಡ ಎಂ.ಎ.ಗಳನ್ನು ಮರೆತಿರಾ ಎಂದು ಮೂರನೆಯವರು ಕೇಳಬಹುದು. ಮರೆತಿಲ್ಲ. ಪಂಪನನ್ನು ಓದಿದವನ ಕೈಗೆ ಇಡೀ ತಾಲ್ಲೂಕಿನ ಭೂದಾಖಲೆ ಬರುವುದು ಕಾವ್ಯಕ್ಕೂ ಅಗ್ರಹಾರಕ್ಕೂ ಇದ್ದ ಹಳೆಯ ನಂಟಿನ ಪುನರುಜ್ಜೀವನವೇ ಸರಿ. ಆದರೆ ಆ ಬೆಲೆ ಪರೀಕ್ಷೆಯದು. ಎಂಜಿನಿಯರ್ ಆದವನೂ ಅದೇ ಸಾಲಿನಲ್ಲಿ ಅದೇ ಪ್ರಶ್ನೆಪತ್ರಿಕೆಗೆ ಕಾದಿರುತ್ತಾನೆ, ಹೆಚ್ಚು ಫೀ ಕಟ್ಟಿ. ಸರ್ಕಾರ ಕನ್ನಡಕ್ಕೆ ನಿಗದಿ ಮಾಡಿದ ಅಧಿಕೃತ ಬೆಲೆಯೂ ನೇಮಕಾತಿಯಲ್ಲಿದೆ: ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ. ಅದಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದರೆ ಸಾಕು. ಆಮೇಲೆ ಎಂ.ಎ.ವರೆಗಿನ ಏಳು ವರ್ಷ ಅದಕ್ಕೆ ಕಾಲು ಪಾಲನ್ನೂ ಸೇರಿಸುವುದಿಲ್ಲ.

ಹಾಗಿದ್ದರೆ ಲ್ಯಾಟಿನ್ ಸಂತಾನವನ್ನೇ ಓದೋಣವೇ? ಬೆಂಗಳೂರಿನ ಪಿಯುಸಿ ಮಕ್ಕಳು ಅಂಕಕ್ಕಾಗಿ ಫ್ರೆಂಚ್ ತೆಗೆದುಕೊಳ್ಳುವುದುಂಟು. ಅದರ ಆಯುಷ್ಯ ಅಂಕಪಟ್ಟಿಯವರೆಗೆ. ಪೋರ್ಚುಗೀಸರ ನೂನಿಜ್ 1535ರ ಸುಮಾರಿಗೆ ಇದೇ ತುಂಗಭದ್ರೆಯ ಕೆಳದಂಡೆಯ ವಿಜಯನಗರದಲ್ಲಿದ್ದು ಅದರ ಚರಿತ್ರೆ ಬರೆದ. ಅವನ ಬರಹ ಸಿವೆಲ್‌ನ ಇಂಗ್ಲಿಷಿನಲ್ಲಿ ಜಗತ್ತಿಗೆ ಸಿಕ್ಕದ್ದು 1900ರಲ್ಲಿ. ಅಲ್ಲಿಯವರೆಗೆ ಅವನು ಊಟಕ್ಕೇನು ಮಾಡಿದ? ಕುದುರೆ ಮಾರಿದ. ಲ್ಯಾಟಿನ್ ಸಂತಾನಕ್ಕೂ ಬದುಕಲು ಕುದುರೆ ಬೇಕಾಯಿತೆಂದ ಮೇಲೆ ತಿರುಳ್ಗನ್ನಡವೊಂದನ್ನೇ ದೂರುವುದು ನ್ಯಾಯವಲ್ಲ.

1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ಇದು. ಆದ್ದರಿಂದ ಇಲ್ಲಿನ ಸಂಘಗಳ ಕಾರ್ಯದರ್ಶಿಗಳಲ್ಲಿ ವಿನಂತಿ: ಕನ್ನಡ ಎಂ.ಎ. ಪ್ರಮಾಣಪತ್ರವನ್ನು ಸಾಲಕ್ಕೆ ಅಡವಾಗಿ ಇಟ್ಟುಕೊಳ್ಳಬೇಡಿ. ಎಂ.ಎ. ಆದವನನ್ನು ಜಾಮೀನುದಾರನಾಗಿ ಧಾರಾಳವಾಗಿ ಒಪ್ಪಿಕೊಳ್ಳಿ. ಊರು ಬಿಟ್ಟು ಹೋಗುವಂಥ ನೌಕರಿ ಅವನಿಗೆ ಇನ್ನೂ ಸಿಕ್ಕಿರುವುದಿಲ್ಲ.