ಎಂಟು ಜಿಬಿಯ ಮೀನಮೇಷ

ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮ ಉತ್ತರಹಳ್ಳಿಯ ಬೀದಿಯಲ್ಲಿ ಅವರಿಗೆ ರಾಯರು ಎನ್ನುತ್ತೇವೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ಎದ್ದವರೇ ಲ್ಯಾಪ್‌ಟಾಪಿನ ಬಟನ್ ಒತ್ತಿ, ಚೀಲ ಹಿಡಿದು ಹಾಲು ತರಲು ಹೊರಡುತ್ತಾರೆ. ಹಾಲಿನ ಬೂತಿನಲ್ಲಿ ಎರಡು ಮಾತು, ನಮ್ಮ ಗೇಟಿನ ಮುಂದೆ ನಾಲ್ಕು ಮಾತು ಮುಗಿಸಿ ಮನೆ ಸೇರಿದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಕೇಳಿದರೆ, "ಅದಕ್ಕೇನು ಆತುರ? ನಾನೂ ರಿಟೈರು, ಅದೂ ರಿಟೈರು" ಎನ್ನುತ್ತಾರೆ.

ಲ್ಯಾಪ್‌ಟಾಪು 2014ರದ್ದು. ಬ್ಯಾಟರಿ ಯಾವತ್ತೋ ಸತ್ತಿದೆ, ವೈರು ಕಿತ್ತರೆ ಪರದೆ ಕಪ್ಪು. ಬಲಗಡೆಯ ಕೀಲಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು ಸುತ್ತಿದ್ದಾರೆ. ಬಡಾವಣೆ ಸಂಘದ ಪತ್ರಗಳನ್ನೆಲ್ಲ ನುಡಿಯಲ್ಲಿ ಟೈಪು ಮಾಡಿ ಮಾಡಿ ಕೆಲವು ಕೀಗಳ ಮೇಲೆ ಅಕ್ಷರವೇ ಉಳಿದಿಲ್ಲ. ವರ್ಷಾವರ್ಷ ಆಯುಧಪೂಜೆಗೆ ಇಟ್ಟ ಕುಂಕುಮ ಟಚ್‌ಪ್ಯಾಡಿನ ಅಂಚಿನ ಸಂದಿಯಲ್ಲಿ ಕೆಂಪು ಗೆರೆಯಾಗಿ ಕೂತುಬಿಟ್ಟಿದೆ. ಇದರಲ್ಲಿ ಅವರ ಎಫ್‌ಡಿ ಲೆಕ್ಕದ ಎಕ್ಸೆಲ್ ಶೀಟು, ಯೂಟ್ಯೂಬಿನ ಕಚೇರಿ, ಮತ್ತು ಮುಚ್ಚಿದರೆ ಇನ್ನೆಲ್ಲಿ ಸಿಗದೇ ಹೋಗುತ್ತದೋ ಎಂದು ಹಾಗೇ ಬಿಟ್ಟ ಕ್ರೋಮ್ ಟ್ಯಾಬುಗಳ ಸಾಲು. ಇಷ್ಟಕ್ಕೂ ಸೇರಿ ಇರುವ ರ‍್ಯಾಮ್ 4 ಜಿಬಿ. ಅದನ್ನು 8 ಮಾಡಿಸಬೇಕೇ ಬೇಡವೇ ಎಂಬುದು ರಾಯರ ಮುಂದಿರುವ ಪ್ರಶ್ನೆ. ಪ್ರಶ್ನೆ ಹುಟ್ಟಿದಾಗ ಅವರ ಮೊಮ್ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಶಾಲೆಯಲ್ಲಿ ಕೋಡಿಂಗ್ ಕಲಿಯುತ್ತಿದ್ದಾಳೆ.

ರಾಯರಿಗೆ ವಿಷಯ ತಿಳಿಯದು ಎಂದುಕೊಳ್ಳಬೇಡಿ. ಮೇಲಿನ ಮನೆಯ ಬಾಡಿಗೆ ಹುಡುಗ, ಸಾಫ್ಟ್‌ವೇರಿನವನು, ಒಮ್ಮೆ ಅವರಿಗೆ ರ‍್ಯಾಮ್ ಎಂದರೇನು ಎಂದು ವಿವರಿಸಹೊರಟ. ಅರ್ಧಕ್ಕೇ ತಡೆದು ರಾಯರು ಅವನಿಗೇ ಪಾಠ ಹೇಳಿದರು: "ಅಂದ್ರೆ ರ‍್ಯಾಮು ಕ್ಯಾಷ್ ಕೌಂಟರಿನ ಡ್ರಾಯರು. ಹಾರ್ಡ್ ಡಿಸ್ಕು ಸ್ಟ್ರಾಂಗ್ ರೂಮು. ಡ್ರಾಯರಲ್ಲಿ ದುಡ್ಡು ಮುಗಿದಾಗಲೆಲ್ಲ ಕ್ಯಾಷಿಯರ್ ಒಂದು ಕೀ, ಮ್ಯಾನೇಜರ್ ಒಂದು ಕೀ ಹಿಡ್ಕೊಂಡು ಒಳಗೆ ಹೋಗಬೇಕು. ಅಲ್ಲೀವರೆಗೂ ಕ್ಯೂ ನಿಂತಿರುತ್ತೆ. ಅದೇ ಈ ಚಕ್ರ ಸುತ್ತೋದು." ಹುಡುಗ ತನ್ನ ಆಫೀಸಿನ ಟ್ರೇನಿಂಗಿನಲ್ಲೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಅಂದ. ಇಷ್ಟು ಅರ್ಥವಾದವರು ಮುಂದೆ ಏನು ಮಾಡಬೇಕಿತ್ತು? ರಾಯರು ಎಲ್‌ಐಸಿ ಡೈರಿ ತೆರೆದು ಅಡ್ಡಗೆರೆ ಉದ್ದಗೆರೆ ಎಳೆದರು.

ಆ ಡೈರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡಿಡಿಆರ್3 ಬೇರೆ, ಡಿಡಿಆರ್4 ಬೇರೆ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್ನು, ಡಿಡಿಆರ್4ಕ್ಕೆ 260. ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಎಲ್ಲ ಕೆಂಪು ಶಾಯಿಯಲ್ಲಿ, ಸ್ಕೇಲಿಟ್ಟು ಗೆರೆ ಎಳೆದು. ತಮ್ಮದು ಡಿಡಿಆರ್3ಎಲ್ ಎಂದು ಗೊತ್ತಾದ ದಿನ ರಾಯರು ಹುಡುಗನನ್ನು ಮತ್ತೆ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡರು.

"ಈ ಎಲ್ ಯಾಕಪ್ಪಾ?"

"ಲೋ ವೋಲ್ಟೇಜ್ ಅಂಕಲ್. ಮಾಮೂಲಿದು 1.5 ವೋಲ್ಟು, ಇದು 1.35."

"ಹಾಗಾದ್ರೆ ಬೆಸ್ಕಾಂ ಬಿಲ್ಲಲ್ಲಿ ಎಷ್ಟು ಇಳಿಯಬಹುದು?"

"ನಿಮಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರಲ್ವಲ್ಲ ಅಂಕಲ್."

ರಾಯರು ಅದನ್ನೂ ಬರೆದುಕೊಂಡರು.

ಸಲಹೆಗೇನೂ ಬರವಿರಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಟೆಲಿಫೋನ್ಸಿನಿಂದ ನಿವೃತ್ತರಾದ ಎಂಜಿನಿಯರು, ರ‍್ಯಾಮ್ ಬಿಡಿ, ಮೊದಲು ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ ಅಂದರು. ತಿರುಗುವ ತಟ್ಟೆಯ ಹಳೇ ಡಿಸ್ಕ್ ಇರುವವರೆಗೆ ಆನ್ ಆಗಲು ಅಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ ಎಂದೂ ಹೇಳಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಯಾರಾದರೂ ಸರಿಯಾದ ಮಾತು ಆಡಿದ್ದರೆ ಅದು ಇದೊಂದೇ. ರಾಯರು ಮಾತ್ರ ಡೈರಿಯಲ್ಲಿ ಅದಕ್ಕೊಂದು ಹೊಸ ಪುಟ ಕೊಟ್ಟರು. ಟೆಕ್ಸಾಸಿನಲ್ಲಿರುವ ಮಗ ಭಾನುವಾರದ ವಿಡಿಯೋ ಕಾಲಿನಲ್ಲಿ, "ಅಪ್ಪಾ, ಅದನ್ನ ಗುಜರಿಗೆ ಹಾಕು, ಹೊಸದು ಆರ್ಡರ್ ಮಾಡ್ತೀನಿ" ಅಂದ. "ಅಲ್ಲಿ ಬಿಸಿಲು ಹೇಗಿದೆಯೋ?" ಎಂದರು ರಾಯರು.

ಹೊಸದನ್ನು ಅವರು ಯಾಕೆ ಒಲ್ಲರು ಎನ್ನುವುದು ನನಗೆ ತಿಳಿದದ್ದು ಸೊಸೆ ರಜಕ್ಕೆ ಬಂದಾಗ. ಆಕೆಯ ಲ್ಯಾಪ್‌ಟಾಪು ಕೈಯಲ್ಲಿ ಹಿಡಿದರೆ ಕಾರ್ಡಿನಂತೆ ಬಾಗೀತೇನೋ ಅನ್ನುವಷ್ಟು ತೆಳ್ಳಗೆ. ರಾಯರು ಕನ್ನಡಕ ಏರಿಸಿ ಅದನ್ನು ಮಗುಚಿ ನೋಡಿ, "ಇದಕ್ಕೆ ರ‍್ಯಾಮ್ ಎಲ್ಲಿಂದ ಹಾಕೋದಮ್ಮಾ?" ಎಂದರು. "ಹಾಕಕ್ಕಾಗಲ್ಲ ಮಾವ, ಬೋರ್ಡಿಗೇ ಸಾಲ್ಡರ್ ಮಾಡಿರ್ತಾರೆ. ಕೊಳ್ಳುವಾಗಲೇ ಎಷ್ಟು ಬೇಕೋ ಹೇಳಿಬಿಡಬೇಕು." ರಾಯರ ಮುಖದಲ್ಲಿ ನಿಜವಾದ ಗಾಬರಿ ಕಂಡೆ. ಕೊಳ್ಳುವ ದಿನವೇ, ಅಂಗಡಿಯಲ್ಲಿ ನಿಂತು, ಒಂದೇ ಸಲಕ್ಕೆ ಹೇಳಿಬಿಡುವುದೇ! ತಮ್ಮದರಲ್ಲಾದರೆ ಒಂದು ಸ್ಲಾಟು ಖಾಲಿ ಇದೆ. ಯಾವತ್ತು ಬೇಕಾದರೂ ಹಾಕಿಸಬಹುದು, ಆದ್ದರಿಂದ ಇವತ್ತೇ ಹಾಕಿಸಬೇಕಿಲ್ಲ. ಆ ಖಾಲಿ ಸ್ಲಾಟು ಅವರ ಪಾಲಿಗೆ ದೊಡ್ಡ ಸ್ಥಿರಾಸ್ತಿ.

ಅಷ್ಟರಲ್ಲಿ 2025ರ ಕೊನೆಯ ತಿಂಗಳುಗಳು ಬಂದವು, ರ‍್ಯಾಮ್ ಬೆಲೆ ಏರತೊಡಗಿತು. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರುಗಳಿಗೆ ಎಷ್ಟು ಮಾಡಿಕೊಟ್ಟರೂ ಸಾಲದು ಎನ್ನುವಂತಾದ ಮೇಲೆ ನಮ್ಮಂಥವರ ಚಿಲ್ಲರೆ ವ್ಯಾಪಾರ ಅವರಿಗೆ ಯಾಕೆ ಬೇಕು? ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ರಾಯರ ಡೈರಿಯಲ್ಲಿ ಮೂರು ಸಲ ಟಿಕ್ ಬಿದ್ದಿದ್ದ ಕಂಪನಿ ಅದೇ. ಪೇಪರು ಮಡಿಸಿಟ್ಟು, "ಇಳಿಯುತ್ತೆ. ಏರಿದ್ದು ಇಳಿಯಲೇಬೇಕು" ಎಂದರು.

ಒಳಗಿನಿಂದ ಅವರ ಮನೆಯವರ ದನಿ ಬಂತು: "ವಿಜಯನಗರದ ಸೈಟೂ ಇಳಿಯುತ್ತೆ ಅಂತಲೇ ಕಾದಿರಿ. ಅದಕ್ಕೇ ಅಲ್ವಾ ಉತ್ತರಹಳ್ಳಿಗೆ ಬಂದಿದ್ದು." ಸ್ವಲ್ಪ ಹೊತ್ತು ಬಿಟ್ಟು, "ಎಸ್‌ಪಿ ರೋಡಿಗೆ ನಾನೇ ಹೋಗಿ ಹಾಕಿಸ್ಕೊಂಡು ಬರ್ತೀನಿ ಕೊಡಿ. ನನಗೆ ಬಸ್ ಚಾರ್ಜೂ ಇಲ್ಲ."

ಈ ಲೆಕ್ಕದಲ್ಲಿ ತಪ್ಪು ಹುಡುಕಲಾಗದೆ ರಾಯರು ಮಾರನೆಯ ದಿನ ತಾವೇ ಹೊರಟರು, ಸಾಕ್ಷಿಗೆ ನನ್ನನ್ನೂ ಕರೆದುಕೊಂಡು. ಮಾರ್ಕೆಟ್ಟಿನಲ್ಲಿಳಿದು, ಲ್ಯಾಪ್‌ಟಾಪಿನ ಚೀಲವನ್ನು ಹೊಟ್ಟೆಗವಚಿಕೊಂಡು, ತಳ್ಳುಗಾಡಿಗಳ ನಡುವೆ ನುಗ್ಗಿ ಎಸ್‌ಪಿ ರಸ್ತೆ ಸೇರಿದೆವು. ಚಾರ್ಜರುಗಳು ಗೊಂಚಲು ಗೊಂಚಲಾಗಿ ನೇತಾಡುತ್ತಿದ್ದ ಒಂದು ಸಣ್ಣ ಅಂಗಡಿ. ಹುಡುಗನೊಬ್ಬ ಮಾತಿಲ್ಲದೆ ಲ್ಯಾಪ್‌ಟಾಪನ್ನು ಮಗುಚಿ ಸ್ಕ್ರೂಗಳನ್ನು ಬಿಚ್ಚಿ ಒಂದು ಬಾಟಲಿ ಮುಚ್ಚಳಕ್ಕೆ ಹಾಕಿದ. ಹಿಂಬದಿ ತೆಗೆದ. ದೂಳಿನ ನಡುವೆ ಏನೋ ಹಳದಿ ಕಂಡಿತು. ಚಿಮುಟದಲ್ಲಿ ಎತ್ತಿ ಗಾಜಿನ ಮೇಲೆ ಇಟ್ಟ.

"ಇದೇನ್ ಸಾರ್, ಅಕ್ಕಿ?"

"ಅಕ್ಷತೆ ಕಣಪ್ಪಾ. ಕೆಳಗೆ ಹಾಕಬೇಡ, ತುಳಿಯೋ ಜಾಗ."

ಹುಡುಗ ಅದನ್ನು ಗಲ್ಲಾದ ಮೇಲಿನ ಗಣಪತಿ ಪಟದ ಹತ್ತಿರ ಇಟ್ಟುಬಂದ. ಆಮೇಲೆ ಎರಡು ಕಡೆಯ ಕ್ಲಿಪ್ಪು ಅಗಲಿಸಿದ. ರ‍್ಯಾಮ್ ಪಟ್ಟಿ ತಾನಾಗಿ ಓರೆಯಾಗಿ ಎದ್ದು ನಿಂತಿತು. ಅದನ್ನು ಎಳೆದು, ಜೇಬಿನಿಂದ ಶಾಲೆ ಮಕ್ಕಳ ರಬ್ಬರು ತೆಗೆದು, ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿ, ಉಫ್ ಎಂದು ಊದಿ ಮತ್ತೆ ಕೂರಿಸಿದ. ರಾಯರು ಉಸಿರು ಬಿಗಿಹಿಡಿದಿದ್ದರು. ಆನ್ ಆಯಿತು, ತನ್ನದೇ ಗತಿಯಲ್ಲಿ. ಹುಡುಗ ಏನೇನೋ ತೆರೆದು ನೋಡಿ ತಲೆ ಅಲ್ಲಾಡಿಸಿದ.

"ಸಾರ್, ಯಾರೋ ಫಾರ್ಮ್ಯಾಟ್ ಮಾಡಿದವರು 32 ಬಿಟ್ ವಿಂಡೋಸ್ ಹಾಕಿದ್ದಾರೆ. ನೀವು ಎಂಟು ಹಾಕ್ಸಿದ್ರೂ ಇದು ನಾಲ್ಕರ ಮೇಲೆ ನೋಡಲ್ಲ. 64 ಹಾಕಬೇಕು, ಡೇಟಾ ಎಲ್ಲ ಬ್ಯಾಕಪ್ ತೆಗೀಬೇಕು. ಅದೂ ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತುಹೋಯ್ತು. 11 ಈ ಪ್ರೊಸೆಸರ್‌ಗೆ ಹತ್ತಲ್ಲ. ಲಿನಕ್ಸ್ ಆದ್ರೆ ಆಗುತ್ತೆ. ಏನ್ಮಾಡ್ಲಿ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ರಾಯರ ಮುಖ ಅರಳಿತು. 32 ಮತ್ತು 64, 10 ಮತ್ತು 11, ಲಿನಕ್ಸ್ ಹೌದೋ ಅಲ್ಲವೋ: ಮುಗಿಯುತ್ತ ಬಂದಿದ್ದ ಡೈರಿಗೆ ಎಷ್ಟೊಂದು ಹೊಸ ಮನೆಗಳು! "ಯೋಚ್ನೆ ಮಾಡಿ ಬರ್ತೀನಪ್ಪಾ" ಎಂದು ಹುಡುಗನ ಕೈಗೆ ಐವತ್ತು ರೂಪಾಯಿ ಇಟ್ಟರು. ವಾಪಸು ಬಸ್ಸಿನಲ್ಲಿ ಅಷ್ಟು ಉಲ್ಲಾಸದಿಂದ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದಕ್ಕೆ ಒಂದು ಪ್ರಯೋಜನ ಆಗಿದೆ. ನಮ್ಮ ಕಡೆ ಯಾರ ಲ್ಯಾಪ್‌ಟಾಪ್ ನಿಧಾನವಾದರೂ ಈಗ ರಾಯರನ್ನೇ ಕೇಳುತ್ತಾರೆ. ಅವರ ಮಾತಿನಂತೆ ಪಾರ್ಕಿನ ಎಂಜಿನಿಯರು ಎಂಟು ಜಿಬಿಗೆ ಏರಿಸಿಕೊಂಡರು, ಸಂಘದ ಕಾರ್ಯದರ್ಶಿ ಎಸ್‌ಎಸ್‌ಡಿ ಹಾಕಿಸಿಕೊಂಡರು, ಇಬ್ಬರೂ ಸುಖವಾಗಿದ್ದಾರೆ. ಮೊನ್ನೆ ಕಾಫಿಗೆ ಕೂತಿದ್ದಾಗ ಮೈಸೂರಿನ ಷಡ್ಡಕರಿಂದ ಫೋನು ಬಂತು. ಅವರದೂ ಹಳೇ ಲ್ಯಾಪ್‌ಟಾಪು, ನಾಲ್ಕು ಜಿಬಿ, ಅದೇ ತಾಪತ್ರಯ. ರಾಯರು ಅರ್ಧ ಕೇಳಿಸಿಕೊಂಡು ರೇಗಿಯೇಬಿಟ್ಟರು:

"ಏನ್ರೀ ನೀವು, ಎರಡು ತಿಂಗಳಿಂದ ಯೋಚ್ನೆ ಮಾಡ್ತಿದೀನಿ ಅಂತೀರಲ್ಲ! ಕಣ್ಮುಚ್ಚಿಕೊಂಡು ಎಂಟು ಹಾಕಿಸಿ. ಇದರಲ್ಲಿ ಯೋಚ್ನೆ ಮಾಡೋಕೆ ಏನಿದೆ?"