ಉಳಿದ ಕ್ಲಾಸುಗಳ ಲೆಕ್ಕ

ಪಾಸು ಎಂಥ ನೆಮ್ಮದಿಯ ವಸ್ತು ಅನ್ನುವುದು ಅದನ್ನು ಯಾರಾದರೂ ಕಿತ್ತುಕೊಂಡಾಗಲೇ ಗೊತ್ತಾಗುವುದು. ಮೈಸೂರಿನ ನಮ್ಮ ಬಡಾವಣೆಯಲ್ಲಿ, ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಒಂದು ಫಿಟ್‌ನೆಸ್ ಸ್ಟುಡಿಯೋ ಇದೆ. ಬೆಳಿಗ್ಗೆ ಯೋಗ, ಸಂಜೆ ಜೋರಾಗಿ ಹಾಡು ಹಾಕಿಕೊಂಡು ಕುಣಿಯುವಂಥದ್ದೇನೋ. ನಾನು ಬೆಳಗಿನ ಗಿರಾಕಿ. 3,000 ರೂಪಾಯಿ ಕೊಟ್ಟರೆ ಹತ್ತು ಕ್ಲಾಸಿನ ಪಾಸು, ಮೇಲೆ ಎರಡು ಪುಕ್ಕಟೆ. ಹಿಂದಿನ ರಾತ್ರಿ ಎಂಟರೊಳಗೆ ಫೋನಿನಲ್ಲಿ ಬುಕ್ ಮಾಡಿದರೆ ಒಂದು ಮ್ಯಾಟು ನಮ್ಮದು; ಹೋಗಿ ಬಂದ ಮೇಲೆ ಪಾಸಿನಲ್ಲಿ ಒಂದು ಕಳೆಯುತ್ತದೆ. ಬುಕ್ ಮಾಡದಿದ್ದರೆ ಏನೂ ಕಳೆಯುವುದಿಲ್ಲ. ನನ್ನ ಪಾಸು ತುಂಬಾ ದೀರ್ಘಾಯುಷಿಯಾಗಿತ್ತು.

ಅದರಲ್ಲೊಂದು ಗೌರವವೂ ಇತ್ತು ನೋಡಿ. ಡಾಕ್ಟರು ಸಕ್ಕರೆಯ ರಿಪೋರ್ಟು ಹಿಡಿದು ಕನ್ನಡಕದ ಮೇಲಿಂದ ನೋಡುತ್ತಾ, "ವ್ಯಾಯಾಮ ಏನಾದ್ರೂ ಮಾಡ್ತೀರಾ?" ಅಂದರೆ, "ಪಾಸ್ ಮಾಡಿಸಿದೀನಿ ಡಾಕ್ಟ್ರೇ" ಅಂತ ಧೈರ್ಯವಾಗಿ ಹೇಳಬಹುದಿತ್ತು. ಸುಳ್ಳಲ್ಲವಲ್ಲ. ಉಳಿದ ಕ್ಲಾಸುಗಳು ಫೋನಿನೊಳಗೆ ಭದ್ರವಾಗಿ ಕೂತಿರುತ್ತಿದ್ದವು. ಮಳೆ ನಿಲ್ಲಲಿ, ಚಳಿ ಕಳೆಯಲಿ, ಮದುವೆ ಮುಂಜಿಗಳೆಲ್ಲ ಮುಗಿಯಲಿ, ಅವೆಲ್ಲಿಗೆ ಹೋಗುತ್ತವೆ? ಸೋಮಾರಿತನ ಕೆಡದ ಹಾಗೆ ಶೇಖರಿಸಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಹೀಗಿರುವಾಗ ಸ್ಟುಡಿಯೋದ ಗ್ರೂಪಿನಲ್ಲಿ, ಅದನ್ನು ನಡೆಸುವ ಮೇಡಂ ಒಂದು ಮೆಸೇಜು ಹಾಕಿದರು. ಬರುವ ತಿಂಗಳಿಂದ ಪಾಸು ಇಲ್ಲ. ತಿಂಗಳಿಗೆ 2,200, ಎಷ್ಟು ಕ್ಲಾಸಿಗಾದರೂ ಬನ್ನಿ, ದುಡ್ಡು ಯುಪಿಐ ಆಟೋಪೇಯಲ್ಲಿ ತಾನಾಗಿಯೇ ಕಟ್ ಆಗುತ್ತದೆ. ಕೆಳಗೆ ಕೈಮುಗಿದ ಚಿತ್ರ. ಅದರ ಕೆಳಗೆ ಬಹಳ ಹೊತ್ತು ಯಾರದೂ ಉಸಿರಿಲ್ಲ. ಗುಡ್ ಮಾರ್ನಿಂಗ್ ಕಳಿಸುವವರೂ ಅವತ್ತು ಕಳಿಸಲಿಲ್ಲ.

ಮೇಡಂ ಪರವಾಗಿಯೂ ಹೇಳಬೇಕು. ಜನವರಿಯಲ್ಲಿ ಊರಿಗೆ ಊರೇ ಹೊಸ ವರ್ಷದ ಸಂಕಲ್ಪ ಹೊತ್ತು ಬಂದು ಪಾಸು ಕೊಳ್ಳುತ್ತದೆ. ಆ ದುಡ್ಡು ಬಾಡಿಗೆ, ಕರೆಂಟು, ಹೊಸ ಮ್ಯಾಟು ಅಂತ ಅಲ್ಲಲ್ಲೇ ಕರಗುತ್ತದೆ. ಪಾಸು ಮಾತ್ರ ಕರಗುವುದಿಲ್ಲ, ಏಪ್ರಿಲ್‌ನಲ್ಲಿ ಎದ್ದು ಬಂದು "ನನ್ನ ಕ್ಲಾಸು" ಅನ್ನುತ್ತದೆ. ಅಂದರೆ ನಾವು ಹಾಯಾಗಿ ಉಳಿಸಿಕೊಂಡ ಒಂದೊಂದು ಕ್ಲಾಸೂ ಆಕೆಯ ತಲೆಯ ಮೇಲಿನ ಸಾಲ. ಕಟ್ಟಡದ ಮಾಲೀಕರು 5ನೇ ತಾರೀಖಿಗೆ ಬಂದು ನಿಂತಾಗ, "ನಮ್ಮ ವಿದ್ಯಾರ್ಥಿಗಳ ಹತ್ತಿರ ಕ್ಲಾಸು ಬಾಕಿ ಇದೆ ಸರ್" ಅಂದರೆ ಕೇಳುತ್ತಾರೆಯೇ?

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. 1930ರ ದಶಕದಲ್ಲಿ ಇದೇ ಊರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದಾಗ ಆಶ್ರಯ ನಾಲ್ವಡಿ ಕೃಷ್ಣರಾಜ ಒಡೆಯರದು. ಬಿಲ್ಲಿಂಗ್ ವಿಧಾನ ಅಂದರೆ ಮಹಾರಾಜರು. ನಮ್ಮ ಮೇಡಂಗೆ ಮಹಾರಾಜರು ಎಲ್ಲಿ ಸಿಗಬೇಕು, ನಾವು ಸಿಕ್ಕಿದ್ದೇವೆ.

ಸರಿ, ಹಳೇ ಪಾಸಿನಲ್ಲಿ ಉಳಿದದ್ದರ ಗತಿಯೇನು? ಭಾನುವಾರ ಕ್ಲಾಸು ಮುಗಿದ ಮೇಲೆ ಮ್ಯಾಟಿನ ಮೇಲೆಯೇ ಸಭೆ ಸೇರಿತು. ಅಷ್ಟು ಜನ ಒಟ್ಟಿಗೆ ಬಂದದ್ದನ್ನು ನಾನು ಅಲ್ಲಿ ನೋಡಿರಲೇ ಇಲ್ಲ. ಉಳಿದ ಕ್ಲಾಸಿಗೆ ತಲಾ 250 ರೂಪಾಯಿ ಲೆಕ್ಕದಲ್ಲಿ ಹೊಸ ಶುಲ್ಕಕ್ಕೆ ವಜಾ ಹಾಕುತ್ತೇನೆ ಅಂದರು ಮೇಡಂ: 3,000ಕ್ಕೆ ಹನ್ನೆರಡು. ಮುಂದಿನ ಸಾಲಿನ ಆಂಟಿ ಒಬ್ಬರು ಎದ್ದು, "ಫ್ರೀ ಎರಡು ನಾವು ಆಗ್ಲೇ ಮುಗಿಸಿದ್ವಿ. ಈಗ ಇರೋದೆಲ್ಲ ದುಡ್ಡು ಕೊಟ್ಟಿದ್ದು, 300 ಹಾಕಿ" ಅಂದರು. ಪುಕ್ಕಟೆಯದು ಮೊದಲು ಖರ್ಚಾಗುತ್ತದೋ ಕೊನೆಗೋ ಎಂಬ ಈ ತಾತ್ವಿಕ ಪ್ರಶ್ನೆಗೆ ಪತಂಜಲಿಯಲ್ಲಿ ಉತ್ತರವಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ರಾಯರು ಪದ್ಮಾಸನದಲ್ಲಿದ್ದವರು ಹಾಗೆಯೇ ಕಣ್ಣು ತೆರೆದರು.

ದುಡ್ಡಿನ ಮಾತೇ ಬೇಡವೆಂದು ಮೇಡಂ ದಿನದ ಲೆಕ್ಕಕ್ಕೆ ಬಂದರು. ಒಂದು ಕ್ಲಾಸಿಗೆ ಮೂರು ದಿನದ ಸದಸ್ಯತ್ವ. ಐದು ಉಳಿದಿದ್ದರೆ ಹದಿನೈದು ದಿನ ಪುಕ್ಕಟೆ, ಆಮೇಲೆ ಮೊದಲ ಕಂತು. ಎಲ್ಲರೂ ತಲೆಯಾಡಿಸುವಷ್ಟರಲ್ಲಿ ರಾಯರು, "ಒಂದ್ನಿಮಿಷ. 2,200 ಭಾಗಿಸು 30. ದಿನಕ್ಕೆ 73 ಚಿಲ್ಲರೆ. ಮೂರು ದಿನಕ್ಕೆ 220. ನಮಗೆ ಕ್ಲಾಸಿಗೆ 30 ರೂಪಾಯಿ ಲುಕ್ಸಾನು" ಅಂದರು. ಸಭೆ ನಿಟ್ಟುಸಿರಿಟ್ಟಿತು. ಪ್ರಾಣಾಯಾಮದಲ್ಲಿ ನಮ್ಮದು ಅಷ್ಟು ಏಕಕಾಲಕ್ಕೆ ಎಂದೂ ಬಂದದ್ದಿಲ್ಲ. ಕೊನೆಗೆ ನಾಲ್ಕು ದಿನಕ್ಕೆ ಒಪ್ಪಂದವಾಯಿತು.

ಇನ್ನೊಂದು ತಕರಾರು ಚಂದ್ರನದು. ಮೇಡಂ ಕಲಿತದ್ದು ಪಟ್ಟಾಭಿ ಜೋಯಿಸರ ಅಷ್ಟಾಂಗ ಪರಂಪರೆಯಲ್ಲಿ. ಆ ಪರಂಪರೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸವಿಲ್ಲ. ಅಮೆರಿಕ, ಯೂರೋಪಿನ ಶಾಲೆಗಳಲ್ಲೂ ಈ ರಜೆ ಪಾಲಿಸುವವರಿದ್ದಾರೆ. ಪಾಸಿದ್ದಾಗ ಹುಣ್ಣಿಮೆ ಬಂದರೆ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ. ಈಗ ಚಂದ್ರ ತುಂಬಿದರೂ ಮುಳುಗಿದರೂ ನಮ್ಮ ಖಾತೆಯಿಂದಲೇ. "ಅದನ್ನೂ ಲೆಕ್ಕ ಹಾಕಿಯೇ 2,200 ಇಟ್ಟಿರೋದು ಸರ್" ಎಂದರು ಮೇಡಂ. ರಾಯರು ಏನೋ ಭಾಗಿಸಹೊರಟವರು, ಅವರ ಮನೆಯಾಕೆ ಮೊಣಕೈಯಲ್ಲಿ ತಿವಿದ ಮೇಲೆ ಸುಮ್ಮನಾದರು.

ಮನೆಗೆ ಬಂದು ನಾನೂ ಲೆಕ್ಕ ಹಾಕಿದೆ. ತಿಂಗಳಿಗೆ ಒಂಬತ್ತು ಸಲ ಹೋದರೆ ಹಳೇ ಪಾಸಿಗಿಂತ ಅಗ್ಗ, ಎಂಟಕ್ಕೆ ನಿಂತರೆ ದುಬಾರಿ. ಒಂಬತ್ತೇನು ಮಹಾ, ಹನ್ನೆರಡು ಹೋಗುತ್ತೇನೆ ಅಂದುಕೊಂಡೆ. ಈ ಅಂದುಕೊಳ್ಳುವುದಕ್ಕೇ ಅಮೆರಿಕದಲ್ಲಿ ಒಂದು ಸಂಶೋಧನೆ ನಡೆದಿದೆ. ಸ್ಟೆಫಾನೋ ಡೆಲ್ಲಾವಿನ್ಯಾ, ಉಲ್ರಿಕೆ ಮಾಲ್‌ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮೂರು ಹೆಲ್ತ್ ಕ್ಲಬ್ಬುಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿ ತೆಗೆದು ನೋಡಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಸರಾಸರಿ ಹೋದದ್ದು 4.3 ಸಲ. ಒಂದು ಭೇಟಿಗೆ ಬಿದ್ದದ್ದು 17 ಡಾಲರಿಗೂ ಮಿಗಿಲು. ಅಲ್ಲೇ ಹತ್ತು ಭೇಟಿಯ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರಿಗೆ ಮುಗಿಯುತ್ತಿತ್ತು. ಸಾಲದ್ದಕ್ಕೆ, ಕೊನೆಯ ಸಲ ಹೋದದ್ದಕ್ಕೂ ಸದಸ್ಯತ್ವ ರದ್ದು ಮಾಡಿದ್ದಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಳೆದಿತ್ತಂತೆ. ಓದಿ ನನಗೆ ಅಮೆರಿಕದ ಬಗ್ಗೆ ಬಂಧುಭಾವ ಮೂಡಿತು. ಹೋಟೆಲಿನಲ್ಲಿ ಫುಲ್ ಮೀಲ್ಸ್ ಟೋಕನ್ ತೆಗೆದುಕೊಂಡು ಎರಡನೇ ಸಲ ಅನ್ನ ಬರುವ ಹೊತ್ತಿಗೆ ಎಲೆ ಮಡಚುವ ಜನ ನಾವೆಲ್ಲ. ಪ್ಲೇಟ್ ಮೀಲ್ಸ್ ಸಾಕಾಗಿತ್ತು ಅಂತ ಗೊತ್ತಾಗುವುದು ಕೈ ತೊಳೆಯುವಾಗ.

ಇನ್ನು ಆಟೋಪೇ. ಕೌಂಟರಿನ ಹುಡುಗಿ, "ಅಂಕಲ್, ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ. ಒಂದೇ ಸಲ, ಆಮೇಲೆ ನೀವು ಏನೂ ಮಾಡೋದೇ ಬೇಡ" ಅಂದಳು. ಏನೂ ಮಾಡದಿರುವ ವಿದ್ಯೆಯಲ್ಲಿ ನನಗೆ ಆತ್ಮವಿಶ್ವಾಸವಿದೆ. ಆದರೆ ನನ್ನ ಬ್ಯಾಂಕಿನ ಸರ್ವರ್ ಅವತ್ತು ಮಲಗಿತ್ತು. ಸುತ್ತಿ ಸುತ್ತಿ ನಿಂತೇ ಹೋಯಿತು. ತರಕಾರಿ ಚೀಲ ಹಿಡಿದು ಕೆಳಗೆ ಕಾಯುತ್ತಿದ್ದ ನನ್ನ ಹೆಂಡತಿ ಮೇಲೆ ಬಂದು, "ಕೊಡಿ ಇಲ್ಲಿ, ನನ್ನದರಲ್ಲಿ ಮಾಡ್ತೀನಿ" ಅಂತ ಟಕಟಕ ಮುಗಿಸಿಬಿಟ್ಟಳು. ಅಲ್ಲಿಗೆ ನನ್ನ ಆರೋಗ್ಯ ಅವಳ ಖಾತೆಗೆ ಜೋಡಣೆಯಾಯಿತು.

ಇದರಲ್ಲಿ ರಿಸರ್ವ್ ಬ್ಯಾಂಕಿನ ಕೈವಾಡ ಇರುವುದು ನನಗೆ ಆಮೇಲೆ ತಿಳಿಯಿತು. ಹೀಗೆ ತಾನಾಗಿ ಕಟ್ ಆಗುವ ಪ್ರತಿ ಕಂತಿಗೂ ಕನಿಷ್ಠ 24 ಗಂಟೆ ಮೊದಲು ಖಾತೆದಾರರಿಗೆ ಸೂಚನೆ ಹೋಗಬೇಕು, ಬೇಡವಾದರೆ ರದ್ದು ಮಾಡುವ ಅವಕಾಶವಿರಬೇಕು ಅಂತ ನಿಯಮ. ಗ್ರಾಹಕರ ರಕ್ಷಣೆಗಾಗಿ ಮಾಡಿದ್ದು. ಯಾವ ಗ್ರಾಹಕನನ್ನು ಯಾರಿಂದ ರಕ್ಷಿಸಲು ಅಂತ ಮಾತ್ರ ವಿಚಾರಿಸಿದಂತಿಲ್ಲ. ತಿಂಗಳಿಗೊಮ್ಮೆ ಅವಳ ಫೋನು ಟಿಂಗ್ ಅನ್ನುತ್ತದೆ. ಅಡುಗೆಮನೆಯಿಂದ ಸೌಟು ಹಿಡಿದೇ ಬರುತ್ತಾಳೆ.

"ರೀ, ನಾಳೆ 2,200 ಹೋಗತ್ತಂತೆ. ಈ ತಿಂಗಳು ಎಷ್ಟು ಸಲ ಹೋದ್ರಿ?"

"ಹುಣ್ಣಿಮೆ ಇತ್ತಲ್ಲ ಮಧ್ಯದಲ್ಲಿ."

"ಹುಣ್ಣಿಮೆ ಒಂದಿನ. ಮಿಕ್ಕಿದ್ದು?"

ಒಂದು ತಿಂಗಳು ನೆಂಟರು, ಒಂದು ತಿಂಗಳು ಸೊಂಟ. ಪಾಸಿನ ಕಾಲದಲ್ಲಾದರೆ ಮನೆಯವರು ಯಾರು ಬೇಕಾದರೂ ಅದರಲ್ಲಿ ಹೋಗಬಹುದಿತ್ತು. ಅವಳೇ ಹೋಗಿ ಬಂದದ್ದೂ ಉಂಟು. ಹೊಸದರಲ್ಲಿ ಹೆಸರಿದ್ದವರದೇ ಮೈ ಬಗ್ಗಬೇಕು. ಜೊತೆಗೆ, ಹೇಗಿದ್ದರೂ ದುಡ್ಡು ಕಟ್ಟಿದೆ ಅಂತ ಎಲ್ಲರೂ ರಾತ್ರಿ ಉತ್ಸಾಹದಲ್ಲಿ ಬುಕ್ ಮಾಡಿ ಬೆಳಿಗ್ಗೆ ಹೊದ್ದು ಮಲಗುತ್ತಿದ್ದರಿಂದ, ಬಾರದವರಿಗೆ 50 ರೂಪಾಯಿ ದಂಡ ಬೇರೆ ಬಂತು. ಅದಕ್ಕೂ ಟಿಂಗ್.

ಮೊನ್ನೆ ಅವಳು ರದ್ದು ಮಾಡುವ ಬಟನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡೇ, "ತೆಗೆದುಬಿಡ್ಲಾ?" ಎಂದಳು. ನಾನು ಗಾಬರಿಯಾಗಿ ಸಂಶೋಧನೆಯ ಮೊರೆಹೋದೆ. ಅಮೆರಿಕದವರೇ ಎರಡು ತಿಂಗಳ ಮೇಲೆ ತೆಗೆದುಕೊಂಡಿದ್ದಾರೆ ಕಣೇ, ನನಗಿನ್ನೂ ಟೈಮಿದೆ ಅಂದೆ.

"ಅವರ ಹೆಂಡ್ತೀರ ಫೋನಿಗೆ ಮೆಸೇಜು ಬರ್ತಿರ್ಲಿಲ್ಲ ಬಿಡಿ" ಅಂದಳು.